ರಸಮಟ್ಟ

ಊರಿನ ಹೆಸರು ಸ್ಟೋನ್. ಅಂದರೆ ಕಲ್ಲು.
ಗಾರೆಯವನ ಮಗಳು ನಾನು
ಇಷ್ಟು ದೂರದ ಕಲ್ಲೂರಿಗೆ ಬಂದು
ಮನೆ ಕಟ್ಟಿದ್ದು ಎರಡು ಹಗ್ಗದಿಂದ,
ಕಾಲುವೆ ದಂಡೆಯ ಗೂಟಕ್ಕೆ.

ಫೋನಿನಲ್ಲಿ ಅಪ್ಪನ ಮೊದಲ ಪ್ರಶ್ನೆ:
ಪಾಯ ಎಷ್ಟಡಿ ತೆಗೆಸಿದಿರಿ?
ಪಾಯ ಇಲ್ಲಪ್ಪ. ಕೆಳಗೆ ನಾಲ್ಕಡಿ ನೀರು,
ನೀರಿನ ಕೆಳಗೆ ಕೆಸರು,
ಕೆಸರಲ್ಲಿ ಯಾರದೋ ಸೈಕಲ್ಲು.
ತುಸು ಹೊತ್ತು ಮಾತಿಲ್ಲ. ಆಮೇಲೆ, ಅಗಲ?
ಆರಡಿ ಹತ್ತಿಂಚು.
ಅದು ಮನೆಯಲ್ಲ ತಾಯಿ, ಓಣಿ.

ಮಿಡಲ್‌ವಿಚ್ಚಿನಿಂದ ಇಲ್ಲಿಗೆ
ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. ನಮಗೆ ಐದು ದಿನ.
ಇಲ್ಲಿ ಲಾಕ್ ಅಂದರೆ ಬೀಗವಲ್ಲ, ನೀರಿನ ಮೆಟ್ಟಿಲು;
ಹತ್ತಬೇಕೆ, ತುಂಬಿಸು; ಇಳಿಯಬೇಕೆ, ಬಸಿ.
ಹೇರ್‌ಕಾಸಲ್ ಸುರಂಗದ ಬಾಯಲ್ಲಿ ನೀರು ಓಕುಳಿ ಬಣ್ಣ,
ಒಳಗೆ ನಲವತ್ತು ನಿಮಿಷ ಬರೀ ಕತ್ತಲು.
ನಿಜಗುಣ, ನೀನು ಚುಕ್ಕಾಣಿ ಹಿಡಿದು, ತಲೆ ತಗ್ಗಿಸಿ
ಹದಿಮೂರರ ಮಗ್ಗಿ ಹೇಳಿದೆ ಜೋರಾಗಿ,
ಅದೂ ತಪ್ಪು ತಪ್ಪು.

ಹನ್ನೊಂದನೇ ನಂಬರಿನ ಜಾಗ ನಮ್ಮದು.
ಒಂದು ನಲ್ಲಿ, ಕಾರ್ಡು ತಿನ್ನುವ ಮೀಟರು,
ನಮ್ಮ ಮೇಲೇ ಸಿಟ್ಟಾದ ಒಂದು ಹಂಸ.
ಚಾವಣಿಗೆ ಸೋಲಾರ್ ಹಲಗೆ ಮೂರು,
ಮೆಟ್ಟಿಲಡಿ ಬ್ಯಾಟರಿ ನಾಲ್ಕು,
ಹೊಗೆಗೆ ಕೂಗುವ ಡಬ್ಬಿ ಒಂದು.
ಒಗ್ಗರಣೆಗೆ ಸಾಸಿವೆ ಸಿಡಿದರೂ ಸಾಕು ಅದಕ್ಕೆ,
ಕಾಲುವೆಗೆಲ್ಲ ಸುದ್ದಿ.
ಬ್ಯಾಂಕಿನಲ್ಲಿ ಲೆಕ್ಕ ತಪ್ಪದ ನೀನು
ವಾರಕ್ಕೆರಡು ಸಲ ಪಾಯಖಾನೆಯ ಪೆಟ್ಟಿಗೆ ಉರುಳಿಸಿಕೊಂಡು
ಎದುರು ಬಂದವರಿಗೆಲ್ಲ ನಮಸ್ಕಾರ ಹೇಳುತ್ತ ಹೋಗುತ್ತೀ.
ಜಗಳವಾಡಿದ ದಿನವೂ
ಮೈ ತಾಗದೆ ದಾಟುವ ಹಾಗಿಲ್ಲ ಈ ಓಣಿಯಲ್ಲಿ.

ಮೊದಲ ಭಾನುವಾರ ಕಾವಲಿ ಇಟ್ಟೆ.
ಹುಯ್ದ ಹಿಟ್ಟು ಸೌಟು ತಿರುಗುವ ಮೊದಲೇ
ಎಡಕ್ಕೆ ಜಾರಿತು.
ಎಡದ ಅಂಚು ಇಡ್ಲಿ, ಬಲದ ಅಂಚು ಹಪ್ಪಳ.
ಎರಡನೆಯದೂ ಹಾಗೇ. ಮೂರನೆಯದೂ.
ಹಿಟ್ಟಿನ ತಪ್ಪು ಅಂದೆ ನೀನು.
ನಾನು ಅಪ್ಪನ ರಸಮಟ್ಟ ತೆಗೆದೆ,
ಮದುವೆಯಲ್ಲಿ ಬಂಗಾರ ಬೇಡವೆಂದು ಹಟ ಹಿಡಿದು ಪಡೆದದ್ದು,
ಹಿತ್ತಾಳೆ ಅಂಚಿನದು, ಗೇಣುದ್ದ.
ನೆಲಕ್ಕಿಟ್ಟೆ.
ಗುಳ್ಳೆ ಓಡಿಹೋಗಿ ಬಲಗೋಡೆಗೆ ಅಂಟಿಕೊಂಡಿತು.

ಪಕ್ಕದ ದೋಣಿಯ ಎನಿಡ್, ಎಪ್ಪತ್ತೆಂಟು ದಾಟಿದವಳು,
ದೋಸೆಯ ದಪ್ಪ ಅಂಚು ಅಗಿಯುತ್ತ ಅಂದಳು:
ನೆಲದ ಹಲಗೆ ಎತ್ತಿ ನೋಡಿ.

ಎತ್ತಿದರೆ, ಇಟ್ಟಿಗೆ!
ಈ ಸೀಮೆಯದೇ ನೀಲಿ ಇಟ್ಟಿಗೆ, ನೀರು ಕುಡಿಯದ ಜಾತಿ,
ದೋಣಿ ಹಗುರಾಗಿ ಹೊರಳದಿರಲೆಂದು
ಯಾವನೋ ಸಾಲು ಹಿಡಿದು ಜೋಡಿಸಿದ ಭಾರ.
ಅದರ ಮೇಲೆ ನಾವು
ಒಲೆ, ಕಲ್ಲಿದ್ದಲು, ಅಕ್ಕಿ ಡ್ರಮ್ಮು, ನಿನ್ನ ಪುಸ್ತಕ
ಎಲ್ಲವನ್ನೂ ಎಡಕ್ಕೇ ಹೇರಿದ್ದೆವು.
ಮಧ್ಯಾಹ್ನವೆಲ್ಲ ಮೊಣಕಾಲೂರಿ
ಎಡದಿಂದ ಬಲಕ್ಕೆ, ಒಂದೊಂದೇ, ಇಪ್ಪತ್ತಾರು.
ಕೈಗೆ ಆ ತೂಕ ಗೊತ್ತಿತ್ತು.
ಬೇಸಿಗೆ ರಜೆಯಲ್ಲಿ, ಹಿರಿಯೂರಿನ ಕಟ್ಟಡಗಳಲ್ಲಿ
ಕೆಳಗಿನಿಂದ ನಾನು ಎಸೆದದ್ದು,
ಸಾರುವೆಯ ಮೇಲೆ ಅಪ್ಪ ನೋಡದೆಯೇ ಹಿಡಿದದ್ದು.

ಅಪ್ಪಾ, ಪಾಯ ಸಿಕ್ಕಿತು. ಒಳಗೇ ಇತ್ತು.
ಮಾತು ಬೇಡ, ಮಟ್ಟ ತೋರಿಸು.
ತೋರಿಸಿದೆ, ವೀಡಿಯೊದಲ್ಲಿ.
ಗುಳ್ಳೆ ಎರಡು ಗೆರೆಯ ನಡುವೆ ಬಂದು ಕೂತಿತ್ತು;
ಅಷ್ಟರಲ್ಲಿ ಯಾರದೋ ದೋಣಿ ಹಾದುಹೋಗಿ
ನಮ್ಮದು ತೂಗಿ
ಗುಳ್ಳೆ ಅತ್ತ ಹೋಯಿತು, ಇತ್ತ ಬಂತು, ಮತ್ತೆ ಅತ್ತ.
ಅಪ್ಪ ಕನ್ನಡಕ ಏರಿಸಿ ನೋಡಿದ.
ಈ ಕೆಲಸಕ್ಕೆ ಯಾವ ಇಂಜಿನಿಯರೂ
ಬಿಲ್ಲು ಪಾಸು ಮಾಡಲ್ಲ, ಅಂದ.
ಫೋನು ಮಾತ್ರ ಇಡಲಿಲ್ಲ.
ಗುಳ್ಳೆ ನಿಲ್ಲುವ ತನಕ ಕಾದ.