ದಮ್ಮು

ದವಾಖಾನಿ ಕಿಟಕಿಗೆ ಡಾಕ್ಟ್ರು ನನ್ನ ಎದಿ ಹಿಡಿದರು:
ಕರಿ ತಳ, ಬೆಳ್ಳಿ ಎಳಿ.
ಮೂವತ್ತು ವರ್ಷ ಬಿದರಿ ಕೆತ್ತಿದ ಕಣ್ಣು,
'ಕುಸುರಿ ಚಲೋ ಅದ' ಅಂದೆ.
ಅವರು ನಗಲಿಲ್ಲ.

ಕೆಮ್ಮು ಇರೋತನಕ ಬೀಡಿ ಬಿಡೋದು ಸಸಾರ.
ಬಿಟ್ಟದ್ದು ನಾನಲ್ಲ, ಕೆಮ್ಮು.
ಹೆಸರು ನನಗ ಬಂತು;
ಜೈಬುನ್ ಓಣಿಗೆಲ್ಲ ಸಕ್ಕರಿ ಹಂಚಿದಳು.

ಮೂವತ್ತೇಳನೇ ದಿನ
ಮದರಸಾದಿಂದ ಚೌಬಾರಾ ತನಕ
ಎಲ್ಲೂ ನಿಲ್ಲದೆ ನಡೆದೆ.
ದಮ್ಮು ಹತ್ತಲಿಲ್ಲ!
ಇಷ್ಟು ಖುಷಿಗೆ ಏನರ ಬೇಕಲ್ಲ?
ಪಾನ್‌ಡಬ್ಬಿ ಮಾಣಿಕಪ್ಪ
ಕೇಳೂದಕ್ಕಿಂತ ಮೊದಲೇ ಕಡ್ಡಿ ಗೀರಿದ.

ಒಂದ ದಮ್ಮು.

ಈಗ ಕೋಟಿ ಮಣ್ಣಾಗ ಹೂಜಿ ತಿಕ್ಕಲಕತ್ತೀನಿ.
ತಳ ಮೆಲ್ಲಗ ಕರ್ರಗಾಗ್ತದ.
ನಡುನಡುವ ಉಸಿರಿಗಾಗಿ ಕೈ ನಿಲ್ಲಿಸಬೇಕು.

ಜೈಬುನ್ ಒಗೀಲಕ್ಕ ಅಂಗಿ ಕೇಳ್ಯಾಳ, ಎರಡು ಸಲ.
ಕಿಸಿ ಮ್ಯಾಲ ಕೈ ಇಟ್ಟು
'ಇನ್ನಾ ಹೊಲಸಾಗಿಲ್ಲ' ಅಂದೀನಿ.