ಹದಿನಾಲ್ಕನೇ ಕುರ್ಚಿ

ಮ್ಯಾಡ್ರಿಡ್‌ನಲ್ಲಿ ಟಿಕೆಟ್ ಸಿಗಲಿಲ್ಲ.
ಬಸ್ಸು ಹತ್ತಿ ಬಂದೆ ಅಸ್ತೂರಿಯಾಸ್‌ಗೆ,
ಗಣಿ ಮುಚ್ಚಿದ ಕಣಿವೆಗೆ;
ಮೂರನೇ ದರ್ಜೆಯ ತಂಡ, ಒಂದೇ ಕಡೆ ಸೂರು.

ಗೇಟಿನ ಬಳಿ ಓಬ್ದುಲಿಯಾ
ತಮ್ಮ ಬೆಲರ್ಮಿನೋನ ಕುರ್ಚಿ ಬಾಡಿಗೆಗೆ ಕೊಡುತ್ತಾಳೆ.
ಆರು ಯೂರೋ. ತಮ್ಮ ಹೋಗಿ ನಾಲ್ಕು ವರ್ಷ,
ಸದಸ್ಯತ್ವ ಮಾತ್ರ ಬದುಕಿದೆ,
ಕಂತು ಕೇಳುತ್ತದೆ.

ಒಂದು ಷರತ್ತು:
ಎಪ್ಪತ್ತನೇ ನಿಮಿಷಕ್ಕೆ ಎದ್ದು ನಿಂತು
ಬಾವುಟದವನಿಗೆ ಬೈಯಬೇಕು.
ಅವನು ಒಂದು ಪಂದ್ಯಕ್ಕೂ ತಪ್ಪಿಸದ ಮಂಗಳಾರತಿ ಅದು.
ಗೋಡೆಗೊರಗಿದ್ದ ಹುಡುಗ ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದ.

ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲೇ ಇತ್ತು,
ಆಮೇಲೆ ಕೆಸರಲ್ಲಿ.
ಸೂರ್ಯಕಾಂತಿ ಬೀಜದ ಸಿಪ್ಪೆ ಕಾಲಡಿ ಚರಚರ.
ಅವಳ ಹಲ್ಲು ಒಂದೇ ಕಡಿತಕ್ಕೆ ಬಿಡಿಸುತ್ತದೆ;
ನಾನು ಸಿಪ್ಪೆಸಮೇತ ಅಗಿದು
ನಾಲಗೆಯೆಲ್ಲ ಉಪ್ಪು.

ಅರವತ್ತೊಂಬತ್ತು. ಮೊಣಕೈಯಿಂದ ತಿವಿದಳು.
ಸ್ಪ್ಯಾನಿಷ್ ಬಾರದು. ಎದ್ದೆ.
ಬಾಯಿಗೆ ಬಂದದ್ದು ನಮ್ಮೂರಿನದೇ:
"ಲೋ ಬಡ್ಡಿಮಗನೇ, ಕಣ್ಣೇನು ಒತ್ತೆ ಇಟ್ಟಿದ್ದೀಯಾ?"

ಸ್ಟ್ಯಾಂಡು ಗಪ್‌ಚುಪ್.
ಬೋಳುತಲೆಯ ಲೈನ್ಸ್‌ಮನ್ ತಿರುಗಿ
ನೇರ ಹದಿನಾಲ್ಕನೇ ಕುರ್ಚಿಯನ್ನೇ ನೋಡಿದ,
ಬಾವುಟವನ್ನು ತುಸುವೇ, ಒಂದು ಗೇಣು, ಎತ್ತಿದ.
ಆಫ್‌ಸೈಡ್ ಏನಿರಲಿಲ್ಲ.
ಚೆಂಡು ಆಗ ಆಚೆ ತುದಿಯಲ್ಲಿತ್ತು.

ಸೋತೆವು, ಸೊನ್ನೆಗೆ ಎರಡು.
ಸೋತರು ಅನ್ನಬೇಕಿತ್ತು, ಅಲ್ಲವೇ?

ಬೈದದ್ದರ ಅರ್ಥ ಕೇಳಿದಳು.
ಹುಡುಗನಿಗೆ ತೋಚಿದಷ್ಟು ಹೇಳಿದೆ:
ಬಡ್ಡಿ, ಸಾಲ, ಅದಕ್ಕೆ ಹುಟ್ಟಿದ ಮಗ.
ಓಬ್ದುಲಿಯಾ ಸಿಪ್ಪೆ ಉಗುಳಿ
ಎರಡು ಯೂರೋ ವಾಪಸು ಕೊಟ್ಟಳು:
"ಬ್ಯಾಂಕಿನವರನ್ನು ಕಂಡರೂ
ಅವನಿಗೆ ಆಗುತ್ತಿರಲಿಲ್ಲ."