ಉಮ್ ಜಾಸಿಮಳ ತಟ್ಟೆ

ಮೂರು ವಾರದಿಂದ ನಮ್ಮ ಅಡುಗೆಕಟ್ಟೆಯ ಮೇಲೆ ಕೂತಿದೆ
ಉಮ್ ಜಾಸಿಮಳ ತಟ್ಟೆ.
ಅಂಚಿಗೆ ನೀಲಿ ಬಳ್ಳಿ, ಒಂದು ಕಡೆ ಚೂರು ಹಾರಿದೆ.
ಹರೀಸ್ ಬಂದಿತ್ತು ಅದರಲ್ಲಿ, ನಡುವೆ ತುಪ್ಪದ ಹೊಂಡ.
ಉಂಡೆವು. ತೊಳೆದೆವು. ಒರೆಸಿ ಇಟ್ಟೆವು.
ಬರಿದೇ ಹೇಗೆ ಕೊಡುವುದು?
ನಮ್ಮ ಕಡೆ ಮಜ್ಜಿಗೆ ತಂದ ಗಿಂಡಿಗೂ
ನಾಲ್ಕು ಕಾಳು ಸಕ್ಕರೆ ಹಾಕಿಯೇ ಕಳಿಸುತ್ತಿದ್ದರು.

ರಾತ್ರಿ ಪಾಳಿ ಮುಗಿಸಿ ಏಳಕ್ಕೆ ಬಂದು
ಬಿದ್ದುಕೊಂಡವಳು ಎದ್ದಾಗ ಹತ್ತೂ ಮುಕ್ಕಾಲು.
ಶುಕ್ರವಾರ. ಮುಹರಕ್‌ನ ಓಣಿ ಇನ್ನೂ ಕದ ತೆರೆದಿಲ್ಲ.
ನಾಷ್ಟಾಕ್ಕೆ ತಡ, ಊಟಕ್ಕೆ ಅವಸರ.
ಈ ಹೊತ್ತಿಗೆ ದೊಡ್ಡ ಹೋಟೆಲಿನವರು ಬ್ರಂಚ್ ಅಂತಾರೆ,
ತಲೆಗೆ ಹದಿನೆಂಟು ದಿನಾರ್.
ನಮ್ಮ ವಾರ್ಡಿನವರು ಹಸಿವು ಅಂತಾರೆ.

ಫ್ರಿಜ್ಜಿನಲ್ಲಿ ಎರಡು ಮೊಟ್ಟೆ.
ಮೂರನೆಯದರ ಮೇಲೆ ಮಾರಿವಿಕ್ ಪೆನ್ನಿನಿಂದ
ತನ್ನ ಹೆಸರು ಬರೆದು ಮಲಗಿದ್ದಾಳೆ.
ನಾಲ್ಕು ಹೋಳು ಬ್ರೆಡ್ಡು, ಸೋಮವಾರದ್ದು.
ನೀಲಿ ಡಬ್ಬಿಯ ಚೀಸು. ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ
ಸೋಪು, ಟಾರ್ಚುಗಳ ನಡುವೆ ಕೂತು ಹೋಗುತ್ತದಲ್ಲ, ಅದೇ.
ಚಾಕು ಬಾಗುತ್ತದೆ, ಅದು ಬಾಗುವುದಿಲ್ಲ.
ಬೆಂಕಿ ಮುಟ್ಟಿದರೆ ಮಾತ್ರ ಮನಸ್ಸು ಬದಲಿಸುತ್ತದೆ.

ಮೊಟ್ಟೆ ಒಡೆದೆ. ಚೂರು ಹಾಲು, ಉಪ್ಪು, ಜೀರಿಗೆ,
ಹಸಿಮೆಣಸಿನಕಾಯಿ ಒಂದು. ಅಲ್ಲ, ಅರ್ಧ,
ಮುದುಕಿಯ ಹೊಟ್ಟೆ ನೆನೆದು.
ಇದಕ್ಕೇ ಸಕ್ಕರೆ ಬಿದ್ದರೆ ಬಾಂಬೆ ಟೋಸ್ಟು,
ಮುಂಡರಗಿ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ.
ಇಲ್ಲಿ ಅದಕ್ಕೆ ಫ್ರೆಂಚರ ಹೆಸರು.
ಬ್ರೆಡ್ಡಿಗೂ ಬೇರೆ ಪಾಸ್‌ಪೋರ್ಟು ಮಾಡಿಸಿಕೊಟ್ಟಿದ್ದಾರೆ ಯಾರೋ.

ಎರಡು ಹೋಳಿನ ನಡುವೆ ಚೀಸಿನ ಹಾಸು,
ಅದರ ಮೇಲೆ, ಫ್ರೆಂಚರಿಗೆ ಹೇಳಬೇಡಿ,
ಒಂದು ಚಮಚ ಶೇಂಗಾ ಹಿಂಡಿ.
ಒತ್ತಿ ಮುಚ್ಚಿ ಮೊಟ್ಟೆಯಲ್ಲಿ ಅದ್ದಿದೆ.
ಹಳೆಯ ಬ್ರೆಡ್ಡು ಹಳೆಯ ರೋಗಿಯ ಹಾಗೆ,
ಕೊಟ್ಟದ್ದನ್ನೆಲ್ಲ ಸುಮ್ಮನೆ ಕುಡಿಯುತ್ತದೆ.
ಹೊಸದಾಗಿದ್ದರೆ ಕೈಯಲ್ಲೇ ಹರಿದುಹೋಗುತ್ತಿತ್ತು.

ಹಂಚಿಗೆ ಬೆಣ್ಣೆ, ಸಣ್ಣ ಉರಿ.
ಮೊದಲನೆಯದು ಕರಿದಾಯಿತು.
ತಾರಸಿಗೆ ತಾಗುವಂತೆ ವಿಮಾನವೊಂದು ಇಳಿಯಿತು,
ಕಿಟಕಿ ನಡುಗಿತು, ನಾನು ತಲೆ ಎತ್ತಿದೆ.
ಏಳು ವರ್ಷವಾಯಿತು, ಇನ್ನೂ ಎತ್ತುತ್ತೇನೆ.
ಅಷ್ಟರಲ್ಲಿ ಹೊತ್ತಿತು.

ಎರಡನೆಯದಕ್ಕೆ ಯಾವ ವಿಮಾನವನ್ನೂ ನೋಡಲಿಲ್ಲ.
ಸೌಟಿನ ಬೆನ್ನಿನಿಂದ ಒತ್ತಿ ಹಿಡಿದು
ನಾಡಿ ಎಣಿಸುವಂತೆ ಎಣಿಸಿದೆ.
ಚೀಸು ಬದಿಯಿಂದ ಇಣುಕಿ, ಹಂಚಿಗೆ ತಾಗಿ,
ಗರಿಗರಿ ಜರಿಯಂಚು ಕಟ್ಟಿತು.
ತಿರುವಿದರೆ ಹೊಸ ಬೆಲ್ಲದ ಬಣ್ಣ.

ಚೆನ್ನಾಗಿದ್ದದ್ದು ತಟ್ಟೆಗೆ, ಕರಿದು ನನಗೆ.
ಇದನ್ನು ನನಗೆ ಯಾರೂ ಕಲಿಸಿದ ನೆನಪಿಲ್ಲ.

ಎದುರು ಬಾಗಿಲು ತಟ್ಟಿದೆ.
‘ಬಸ್ಮಾ!’ ಅಂದಳು.
ನಾನು ಬಸಮ್ಮ. ಅವಳ ಬಾಯಲ್ಲಿ ಸವೆದು ಸವೆದು ಬಸ್ಮಾ,
ಅವರ ಮಾತಲ್ಲಿ ಮುಗುಳ್ನಗೆ.
ವಾರ್ಡಿನಲ್ಲಿ ಯಾರಾದರೂ ಕೇಳಿಸಿಕೊಂಡರೆ ನಕ್ಕುಬಿಡುತ್ತಾರೆ.
‘ಶಿನೂ ಹಾದಾ?’ ಏನಿದು?
ನನಗೆ ಬರುವ ಅರಬ್ಬಿ ಇಷ್ಟೇ:
ಎಲ್ಲಿ ನೋವು, ಉಸಿರು ಎಳೆ, ಮುಷ್ಟಿ ಬಿಗಿ,
ಆಯಿತು ಅಮ್ಮಾ, ಮುಗಿಯಿತು.
ಅದರಲ್ಲಿ ಇದಕ್ಕೆ ಶಬ್ದವಿಲ್ಲ.
‘ಖುಬ್ಜ್’ ಅಂದೆ. ‘ಬೇದ್. ಜಿಬ್ನ್.’
ಒಳಗಿನ ಕೆಂಪಿಗೆ ಬೆರಳಿಟ್ಟಳು.
‘ಹಿಂಡಿ’ ಅಂದೆ.
‘ಆ, ಹಿಂದೀ!’ ಎಲ್ಲ ತಿಳಿದವಳಂತೆ ತಲೆಯಾಡಿಸಿದಳು.
ಹಿಂದೂಸ್ತಾನದ್ದು ಅಂತ ಅರ್ಥ. ತಪ್ಪೇನಿಲ್ಲ, ಬಿಟ್ಟೆ.

ನಿಂತಲ್ಲೇ ಕಚ್ಚಿದಳು.
ಚೀಸಿನ ಎಳೆ ಗಲ್ಲದವರೆಗೆ ಬಂತು,
ಕಣ್ಣಲ್ಲಿ ನೀರು ಬಂತು. ಅರ್ಧವೂ ಜಾಸ್ತಿಯಾಯಿತೇನೋ.
ಮಸೀದಿಯ ಮೈಕು ಒಮ್ಮೆ ಕೆಮ್ಮಿತು.
ಏನೂ ಹೇಳದೆ, ತಟ್ಟೆ ಎದೆಗೊತ್ತಿಕೊಂಡು ಒಳಗೆ ಹೋದಳು.

ನನ್ನದನ್ನು ಕಿಟಕಿಯ ಬಳಿ ಕೂತು ತಿಂದೆ.
ಕರಿದ ಕಡೆ ಕಹಿ. ಉಳಿದ ಕಡೆ
ಹದಿನೆಂಟು ದಿನಾರಿಗೂ ಸಿಗಲಿಕ್ಕಿಲ್ಲ.

ರಾತ್ರಿ ಪಾಳಿಗೆ ಹೊರಟಾಗ ಹೊಸ್ತಿಲಲ್ಲಿ
ಅದೇ ತಟ್ಟೆ, ಅದೇ ನೀಲಿ ಬಳ್ಳಿ, ತುಂಬ ಹಲ್ವಾ.
ಪಕ್ಕದಲ್ಲಿ ಜಾಮಿನ ಬಾಟ್ಲಿಯೊಂದು,
ಲೇಬಲ್ಲು ಕೆರೆದು, ತೊಳೆದು, ಒರೆಸಿ,
ಖಾಲಿ.